ಅರ್ಧ ನಿಮಿಷದ ಹೆಸರು

ಕುಮಟಾ
೯ ಡಿಸೆಂಬರ್ ೧೯೯೯

ಭಟ್ಕಳದಲ್ಲಿ ತಮ್ಮನ ಮನೆಯಲ್ಲಿರುವ ನೀಲಾ ಅತ್ತಿಗೆಯವರ ಸನ್ನಿಧಾನಕ್ಕೆ, ಕಂಪನಿ ನಾಟಕದ ಮುದಿ ರಾಕ್ಷಸ ಹರಿಹರ ಕಿರೀಟ ಕೆಳಗಿಟ್ಟು ಮಾಡುವ ನಮಸ್ಕಾರ.

ನೇರವಾಗಿ ಪರದೆ ಎತ್ತುತ್ತೇನೆ. ಹತ್ತೊಂಬತ್ತರ ಭಾನುವಾರ ಹೊನ್ನಾವರದಲ್ಲಿ ನಿಮ್ಮ ಯಜಮಾನ, ನನ್ನ ಗೆಳೆಯ ದೇವಪ್ಪನಿಗೆ ಸನ್ಮಾನ. ಶಾಲು ತಂದಾಗಿದೆ, ಆಮಂತ್ರಣ ಹಂಚಿಯಾಗಿದೆ. ಆ ಮಹಾರಾಯ ಮಾತ್ರ, ನೀವು ಎದುರಿನ ಸಾಲಿನಲ್ಲಿ ಕೂರದಿದ್ದರೆ ವೇದಿಕೆ ಹತ್ತುವುದೇ ಇಲ್ಲ ಎನ್ನುತ್ತಾನೆ.

ಎಂಥ ನಟ ಅತ್ತಿಗೆ ಅವನು! ನಾನು ಗದೆ ಬೀಸಿ, ಗಂಟಲು ಹರಿದುಕೊಂಡು ಗಳಿಸಿದ ಚಪ್ಪಾಳೆಯನ್ನು ಅವನು ಒಂದು ಸೀನು ಸೀನಿ ಹೊತ್ತೊಯ್ಯುತ್ತಿದ್ದ. ಸಿನಿಮಾದಲ್ಲಿ ಬಾಗಿಲಿಂದ ಇಣುಕಿದರೆ ಸಾಕು, ಟಾಕೀಸಿನ ಬೆಂಚುಗಳು ಕುಣಿಯುತ್ತಿದ್ದವು. ರೇಡಿಯೋದಲ್ಲಂತೂ ಮುಖವೇ ಇಲ್ಲ. ಆದರೂ ಅವನು ಹುಬ್ಬು ಹಾರಿಸಿದ್ದು ಊರಿಗೆಲ್ಲ ಕಂಡಿತು.

ಆ ರೇಡಿಯೋವೇ ನಿಮ್ಮನ್ನು ಭಟ್ಕಳಕ್ಕೆ ಕಳಿಸಿದ್ದು. ಅವನ ಗಂಡ-ಹೆಂಡತಿ ಪ್ರಹಸನದ ಮಾತೆಲ್ಲ ನಿಮ್ಮ ಅಡುಗೆಮನೆಯದು. ಹಾಡುಹಗಲೇ ಮಲಗಿದ್ದವನನ್ನು ನೋಡಿ, ಮೀನು ಕೊಯ್ಯುತ್ತ ನೀವೊಮ್ಮೆ ಅಂದಿರಿ: “ಬಂಗಡೆ ಸತ್ಮೇಲೂ ಕಣ್ ಬಿಟ್ಕಂಡಿರ್ತದೆ. ಇವ್ರು ಬದ್ಕಿರುವಾಗ್ಲೇ ಮುಚ್ಕಂಡಿರ್ತಾರೆ.” ಅದು ಬುಧವಾರ. ಶನಿವಾರ ರೇಡಿಯೋದಲ್ಲಿ ಬಂತು. ಪೇಟೆಯಲ್ಲಿ ಮೀನು ಮಾರುವ ಮಾಸ್ತಮ್ಮ ಆ ಮಾತನ್ನು ನಿಮಗೇ ಹೇಳಿ ನಕ್ಕಳಂತೆ. ಮನೆಗೆ ಬಂದು ನೀವು ಕೇಳಿದ್ದು ನನಗಿನ್ನೂ ನೆನಪಿದೆ: “ಕಡೀಗೆ ಎಲ್ಲರ ಹೆಸ್ರು ಓದ್ತೀರಲ್ಲ, ನಂದು ಒಂದ್ಸಲ ಬಂತಾ?” ಬರೆದುಕೊಟ್ಟಿದ್ದೆ, ಓದಲು ಹೊತ್ತು ಸಾಲಲಿಲ್ಲ ಎಂದು ಅವನು ತಪ್ಪನ್ನು ಗಡಿಯಾರದ ಮೇಲೆ ಹಾಕಹೋದ. ನೀವು ನಂಬಲಿಲ್ಲ, ಬಸ್ಸು ಹತ್ತಿದಿರಿ. ಹದಿನೆಂಟು ವರ್ಷವಾಯಿತು.

ಅವನು ಹೇಳಿದ್ದು ಸುಳ್ಳಲ್ಲ. ಪ್ರತಿ ಸಲವೂ ಹಾಳೆಯ ಕಡೆಯಲ್ಲಿ ‘ಮಾತು: ನೀಲಾ’ ಎಂದು ಬರೆದೇ ಕೊಡುತ್ತಿದ್ದ. ಪ್ರಹಸನ ಮುಗಿದ ಮೇಲೆ ಹೆಸರುಗಳನ್ನು ಓದುವ ಕೆಲಸ ನನ್ನದು. ರೇಡಿಯೋದ ಗಡಿಯಾರ ರಾಕ್ಷಸ. ಹೊತ್ತು ಮುಗಿದರೆ ಕಡೆಯ ಹೆಸರು ಬಿದ್ದುಹೋಗುತ್ತದೆ. ಅಂಥ ಒಂದು ಹಾಳೆ ಇದರೊಳಗಿದೆ. ಅಕ್ಷರ ಯಾರದೆಂದು ನೀವೇ ನೋಡಿ.

ಬನ್ನಿ ಅತ್ತಿಗೆ. ಅಂದು ಪರಿಚಯ ಮಾಡುವವನು ನಾನೇ. ಮೊದಲು ನಿಮ್ಮ ಹೆಸರು ಹೇಳುತ್ತೇನೆ, ಮೈಕಿಲ್ಲದೆ, ಶರಾವತಿಯ ಆಚೆ ದಡಕ್ಕೆ ಕೇಳುವಂತೆ.

ಇತಿ ನಿಮ್ಮ ಮೈದುನನಂಥವನು,
ಹರಿಹರ

ತಾ.ಕ.: ಅಂಟಿಸಿದ ಲಕೋಟೆಯನ್ನು ಮತ್ತೆ ಬಿಚ್ಚಿದ್ದೇನೆ. ರಾಕ್ಷಸ ಗಡಿಯಾರವಲ್ಲ, ನಾನು. ಪ್ರತಿ ಸಲವೂ ಅರ್ಧ ನಿಮಿಷ ಉಳಿದಿರುತ್ತಿತ್ತು. ಎಲ್ಲ ಹೆಂಡತಿಯ ಮಾತೆಂದು ತಿಳಿದರೆ ಗೆಳೆಯನ ಕೀರ್ತಿ ಇಳಿದೀತೆಂದು ನಿಮ್ಮ ಹೆಸರು ನುಂಗಿ, ಉಳಿದ ಹೊತ್ತಿಗೆ ನನ್ನ ಅಟ್ಟಹಾಸ ತುಂಬುತ್ತಿದ್ದೆ. ದೇವಪ್ಪನಿಗೆ ಇಂದಿಗೂ ಗೊತ್ತಿಲ್ಲ. ನೀವು ಬಾರದಿದ್ದರೂ ಈ ಕಾಗದ ಅವನಿಗೆ ಕಳಿಸಿ. ಹದಿನೆಂಟು ವರ್ಷ ಗಡಿಯಾರವನ್ನು ಬೈದಿದ್ದಾನೆ. ಇನ್ನು ನನ್ನನ್ನು ಬೈಯಲಿ.