ಸ್ಟೂಲಿನ ಸ್ಪರ್ಧೆಗೆ ಸೋಫಾ

ಮನೆಯಿಂದ,
ಭಾನುವಾರ, ಫೆಬ್ರವರಿ ೯

ಪ್ರೀತಿಯ ಅಮ್ಮಾ,

ಮಂಡಿ ನೋವು ಹೇಗಿದೆ? ಬೆಟ್ಟದ ಮೇಲೆ ಚಳಿ ಜಾಸ್ತಿ ಎಂದು ನಿಮ್ಮ ಶೂಟಿಂಗಿಗೆ ಸಾಮಾನು ಒಯ್ಯುವ ವ್ಯಾನಿನ ಡ್ರೈವರ್ ಹೇಳಿದ. ಶಾಟ್ ಇಲ್ಲದಾಗ ಕಲ್ಲಿನ ಮೇಲೆ ಕೂರಬೇಡ, ನಾನು ಹೊಲಿದುಕೊಟ್ಟ ದಿಂಬು ಹಾಕಿಕೊಂಡು ಕೂರು. ಅದನ್ನು ಆಗಲೇ ಯಾರಿಗೋ ಕೊಟ್ಟುಬಿಟ್ಟಿದ್ದರೆ ನಾಚಿಕೆ ಬಿಟ್ಟು ಹೇಳು, ಇನ್ನೊಂದು ಕಳಿಸುತ್ತೇನೆ. ಮಾತ್ರೆಯನ್ನು ಊಟದ ಮೇಲೆ ತೆಗೆದುಕೋ, ಊಟದ ಬದಲಿಗೆ ಅಲ್ಲ. ಅಲ್ಲಿ ಫೋನ್ ಸಿಗುವುದಿಲ್ಲವೆಂದು ನಿನಗೆ ಹಾಯಾಗಿರಬಹುದು, ಇಲ್ಲಿ ನಾವು ಒಂದು ಮಾತು ಕೇಳಬೇಕಾದರೂ ಮಂಗಳವಾರದ ವ್ಯಾನಿಗೆ ಕಾಯಬೇಕು. ಇರಲಿ. ನನಗೆ ಬಾಯಲ್ಲಿ ಹೇಳುವುದಕ್ಕಿಂತ ಬರೆಯುವುದೇ ಸುಲಭ ಎಂದು ನಿನಗೆ ಗೊತ್ತು. ನಾಟಕ ಕಂಪನಿಯ ಹಿಂದೆ ಊರೂರು ತಿರುಗಿ ನಾಲ್ಕನೇ ಕ್ಲಾಸಿಗೆ ಓದು ಮುಗಿಸಿದವನು ಕಲಿತದ್ದು ಎರಡೇ, ಅಕ್ಷರ ಮತ್ತು ಪರದೆಯ ಹಿಂದೆ ಅಡಗಿಕೊಳ್ಳುವುದು. ಅದಕ್ಕೇ ತಾನೆ ನೀವೆಲ್ಲ ನನ್ನನ್ನು ಪರದೆ ಎಂದೇ ಕರೆಯುವುದು.

ಇಲ್ಲಿ ಎಲ್ಲ ಸರಿಯಾಗಿದೆ ಎಂದು ಬರೆಯಲು ಕೂತೆ, ಆದರೆ ಸರಿಯಾಗಿಲ್ಲ. ಕೆಲಸಕ್ಕೇನೂ ತೊಂದರೆಯಿಲ್ಲ. ಹಲ್ಲಿನ ಡಾಕ್ಟರ ಕುರ್ಚಿಗಳಿಗೆಲ್ಲ ಹೊಸ ಬಟ್ಟೆ ಹಾಕಿದೆವು. ಸೀಟುಗಳು ಗಟ್ಟಿಯಾಗಿದ್ದವು, ಕೈಯಿಡುವ ಜಾಗ ಮಾತ್ರ ಕಿತ್ತುಹೋಗಿತ್ತು, ಕಾರಣ ಯಾರನ್ನೂ ಕೇಳಬೇಕಾಗಿರಲಿಲ್ಲ. ಚಿಕ್ಕಮ್ಮ ಈಗಲೂ ದಿನಾ ವರ್ಕ್‌ಶಾಪಿಗೆ ಬಂದು ಹಳೇ ಸೋಫಾಗಳ ಮೊಳೆ ಕೀಳುತ್ತಾಳೆ. ನಿಮ್ಮಿಬ್ಬರ ಸಿನಿಮಾ ಮುಗಿದ ಮೇಲೆ ಅವಳನ್ನು ಒಬ್ಬರೂ ಕರೆದಿಲ್ಲ. ಅವಳ ಹಳೇ ಗೆಳತಿ ದೂರದ ಊರಿನಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದಾಳಲ್ಲ, ಅವಳು ಕೌಂಟರಿನಲ್ಲಿ ನಿಲ್ಲಲು ಬಾ ಎಂದು ಕರೆಯುತ್ತಲೇ ಇದ್ದಾಳೆ. ಚಿಕ್ಕಮ್ಮ ತಿಂಗಳ ಕೊನೆಗೆ ಹೇಳುತ್ತೇನೆ ಎಂದಿದ್ದಾಳೆ. ನನಗೆ ಹೇಳಿದ್ದು ಬೇರೆ: “ನಾಮಿನೇಷನ್‌ನಲ್ಲಿ ಹೆಸರು ಬಂದ್ರೆ ನಾಲ್ಕು ಜನ ಕರೀತಾರೆ ಕಣೋ. ಬರ್ಲಿಲ್ಲ ಅಂದ್ರೆ ಕೌಂಟರ್ ಹಿಂದೆ ನಿಂತು ಸೊಂಟದ ಅಳತೆ ಕೇಳ್ತೀನಿ. ಅದೂ ಒಂದು ಪಾತ್ರನೇ.” ನಗುತ್ತಲೇ ಹೇಳಿದಳು. ಅವಳು ಹೋದರೆ ಮತ್ತೆ ನಟಿಸುವುದಿಲ್ಲ ಎನ್ನುವುದು ನನಗೂ ಗೊತ್ತು, ನಿನಗೂ ಗೊತ್ತು.

ಗುರುವಾರ ಅವಳೇ ನನ್ನನ್ನು ನಿರ್ಮಾಪಕರ ಆಫೀಸಿಗೆ ಅಟ್ಟಿದಳು. ತನ್ನ ಹೆಸರನ್ನು ಪೋಷಕ ನಟಿ ಪ್ರಶಸ್ತಿಗೆ ಕಳಿಸಿದರೋ ಇಲ್ಲವೋ ಕೇಳಿಕೊಂಡು ಬರಬೇಕಂತೆ, ತಾನೇ ಕೇಳಿದರೆ ಆಸೆಬುರುಕಿ ಅನ್ನುತ್ತಾರಂತೆ. ನಾನು ಹೋಗಿ ಹೊರಗಿನ ಸೋಫಾದಲ್ಲಿ ಕೂತೆ. ಸ್ಪ್ರಿಂಗ್ ಚುಚ್ಚುತ್ತಿತ್ತು, ಎದ್ದು ನಿಂತೆ. ಗೋಡೆಯ ಮೇಲೆ ನಿಮ್ಮ ಪೋಸ್ಟರ್ ಇತ್ತು. ಅದರಲ್ಲಿ ಡಾಕ್ಟರ್ ಪಾತ್ರದ ಸ್ಟಾರ್ ನಟಿಯ ಮುಖ ಬಾಗಿಲಿನಷ್ಟು, ನಿನ್ನದು ಬಾಗಿಲಿನ ಚಿಲಕದಷ್ಟು, ಚಿಕ್ಕಮ್ಮನದು ಹುಡುಕಿದರೂ ಇಲ್ಲ. ಮ್ಯಾನೇಜರ್ ಹೊರಗೆ ಬಂದು, “ಏನಪ್ಪಾ, ಸೋಫಾ ರಿಪೇರಿಗೆ ಬಂದ್ಯಾ?” ಎಂದರು. ಇಲ್ಲ ಎನ್ನುವಷ್ಟರಲ್ಲಿ ನಾನು ಯಾರೆಂದು ನೆನಪಾಗಿ ನನ್ನ ಬೆನ್ನು ತಟ್ಟಿದರು. “ಸಿಹಿ ಸುದ್ದಿ ಕೇಳು. ನಿಮ್ಮಮ್ಮನ ಹೆಸರು ಪೋಷಕ ನಟಿಗೆ ಹಾಕ್ತಿದ್ದೀವಿ. ಗೆದ್ದ ಹಾಗೇ ಲೆಕ್ಕ.”

ಅಮ್ಮಾ, ನಿನಗೇ ಗೊತ್ತಿರುವ ಕಥೆಯನ್ನು ನಿನಗೇ ಹೇಳುವುದು ತಮಾಷೆಯಾಗಿ ಕಾಣಬಹುದು, ಆದರೆ ಆಫೀಸಿನಲ್ಲಿ ಆ ಕಥೆಯನ್ನೇ ತಿರುವಿ ಹಾಕಿದ್ದಾರೆ. ಆಸ್ಪತ್ರೆಯ ಬಟ್ಟೆ ಒಗೆಯುವ ಮನೆ. ಅಲ್ಲಿ ನೀನು ಹಿರಿಯಾಳು. ಸಿನಿಮಾ ನಿನ್ನ ಬೆನ್ನಿನಿಂದ ಶುರುವಾಗಿ ನಿನ್ನ ಮುಖದಲ್ಲಿ ಮುಗಿಯುತ್ತದೆ. ಡಾಕ್ಟರಮ್ಮ ಬರುವುದು ಇಂಟರ್‌ವಲ್ ಆದ ಮೇಲೆ, ಜನ ಕಾಫಿ ಕುಡಿದು ತಮ್ಮ ಸೀಟು ಹುಡುಕುತ್ತಿರುವಾಗ. ನಾನು, “ಸಿನಿಮಾ ಪೂರ್ತಿ ಅಮ್ಮನೇ ಇದ್ದಾಳಲ್ಲ ಸಾರ್” ಎಂದೆ. “ಇರೋದು ಬೇರೆ, ನಾಯಕಿ ಆಗೋದು ಬೇರೆ. ನಾಯಕಿ ವಿಭಾಗಕ್ಕೆ ಮೇಡಮ್ ಹೆಸರು ಹೋಗುತ್ತೆ, ಅದು ಅವರು ಒಪ್ಪಿಕೊಳ್ಳುವಾಗಲೇ ಆದ ಮಾತು.” ಹಾಗಾದರೆ ಅಮ್ಮ ಯಾರಿಗೆ ಪೋಷಕ ಎಂದು ಕೇಳಿದೆ. ಅವರು ಸ್ವಲ್ಪ ಯೋಚಿಸಿ, “ಎಲ್ಲರಿಗೂ. ತಾಯಿ ಪಾತ್ರ ಅಲ್ವಾ?” ಎಂದರು. ಆ ಸಿನಿಮಾದಲ್ಲಿ ನಿನಗೆ ಮಕ್ಕಳೇ ಇಲ್ಲ. ಮ್ಯಾನೇಜರೇ ಸಿನಿಮಾ ನೋಡಿಲ್ಲ ಎನ್ನುವುದು ನನಗೆ ಆಗ ಹೊಳೆಯಿತು.

ಆಮೇಲೆ ಚಿಕ್ಕಮ್ಮನ ವಿಷಯ ಕೇಳಿದೆ. ಒಂದು ವಿಭಾಗಕ್ಕೆ ಒಂದು ಸಿನಿಮಾದಿಂದ ಒಬ್ಬರ ಹೆಸರು ಮಾತ್ರ ಕಳಿಸಬಹುದಂತೆ. “ನಿಮ್ಮಮ್ಮ ಹೋದ್ರೆ ಚಿಕ್ಕಮ್ಮ ಇಲ್ಲ. ಅವರಿಗೇನಪ್ಪಾ, ಇನ್ನೂ ವಯಸ್ಸಿದೆ, ಮುಂದಿನ ಸಲ ನೋಡೋಣ.” ಮುಂದಿನ ಸಲ ಎಂದರೆ ಯಾವುದರ ಮುಂದಿನ ಸಲ? ಐವತ್ತು ದಾಟಿದವಳಿಗೆ ಮೊದಲ ಸಲ ಸಿಕ್ಕಿದ ಪಾತ್ರ ಅದು. “ನಿಮ್ಮಮ್ಮ ಒಂದು ಸಲ ಹೂಂ ಅಂದ್ರೆ ಮುಗೀತು. ಬರೋ ವಾರ ಶುಕ್ರವಾರದೊಳಗೆ ತಿಳಿಸು” ಎಂದು ಹೇಳಿ ಮ್ಯಾನೇಜರ್ ಒಳಗೆ ಹೋದರು. ಒಳಗಿನ ಕೋಣೆಯಲ್ಲಿ ಹೆಂಗಸರಿಬ್ಬರು ಕಂಬಳಿಗಳನ್ನು ಮಡಚಿ ಪೆಟ್ಟಿಗೆಗೆ ತುಂಬುತ್ತಿದ್ದರು. ಪ್ರಶಸ್ತಿಗೆ ಮತ ಹಾಕುವವರಿಗೆಲ್ಲ ಮೇಡಮ್ ಹೆಸರಿನಲ್ಲಿ ಒಂದೊಂದು ಕಂಬಳಿ. ಸಿನಿಮಾ ನೋಡಲು ಕಣ್ಣು ತೆರೆದಿರಬೇಕು ಎಂದುಕೊಂಡಿದ್ದೆ, ಇವರು ಹೊದ್ದುಕೊಳ್ಳಲು ಕೊಡುತ್ತಿದ್ದಾರೆ.

ಅಲ್ಲಿಗೇ ಬಿಡುತ್ತಿದ್ದೆನೇನೋ. ಆದರೆ ಶನಿವಾರ ನಮ್ಮ ಬೀದಿಯ ಕೊನೆಯ ಮನೆಯ ಹಳೇ ಕ್ಯಾಮೆರಾಮನ್ ಸೋಫಾ ನೋಡಲು ಕರೆದರು. ಅವರು ಈಗ ಕೆಲಸ ಬಿಟ್ಟಿದ್ದಾರೆ, ಮತ ಬಿಟ್ಟಿಲ್ಲ. ಅವರಿಗೆ ನಾನು ಸೋಫಾ ರಿಪೇರಿಯವನು ಅಷ್ಟೇ, ಯಾರ ಮಗನೆಂದು ಗೊತ್ತಿಲ್ಲ. ಒಳ್ಳೆಯ ಮನುಷ್ಯರು ಅಮ್ಮಾ, ಅದೇ ಕಷ್ಟ. ಕೆಟ್ಟವರಾಗಿದ್ದರೆ ಬೈದುಕೊಂಡು ಸುಮ್ಮನಿರಬಹುದಿತ್ತು. ಸೋಫಾದ ಮೇಲೆ ಆ ಕಂಬಳಿಯೇ ಇತ್ತು. ನಾನು ಅದನ್ನು ಮಡಚಿಟ್ಟು ಸೀಟು ಬಿಚ್ಚುತ್ತಿದ್ದೆ, ಅವರು ಎದುರಿನ ಕುರ್ಚಿಯಲ್ಲಿ ಕೂತು ಹೆಂಡತಿಯ ಜೊತೆ ಯಾರಿಗೆ ಮತ ಹಾಕುವುದೆಂದು ಮಾತಾಡುತ್ತಿದ್ದರು. ಅವರಿಗೆ ರಾತ್ರಿ ಬೇಗ ನಿದ್ದೆ ಬರುತ್ತದಂತೆ. ಅದಕ್ಕೆ ಮೊದಲರ್ಧ ಇವರು ನೋಡುವುದು, ಅಡುಗೆ ಮನೆ ಕೆಲಸ ಮುಗಿಸಿ ಬಂದು ಕೊನೆಯರ್ಧ ಅವರ ಹೆಂಡತಿ ನೋಡುವುದು, ಬೆಳಿಗ್ಗೆ ಒಬ್ಬರಿಗೊಬ್ಬರು ಕಥೆ ಹೇಳಿಕೊಳ್ಳುವುದು. ನಿಮ್ಮ ಸಿನಿಮಾದ ವಿಷಯದಲ್ಲಿ ಇಬ್ಬರಿಗೂ ಜಗಳ. “ನಾನು ನೋಡಿದ ಸಿನಿಮಾದಲ್ಲಿ ಡಾಕ್ಟರೇ ಇಲ್ಲ ಮಾರಾಯ್ತಿ” ಎಂದು ಇವರು. “ನಾನು ನೋಡಿದ್ದರಲ್ಲಿ ಅವಳು ಬಂದ್ಲಲ್ಲ, ಎಷ್ಟು ಚೆನ್ನಾಗಿ ಅತ್ಲು. ಪೋಸ್ಟರ್ ಮೇಲೂ ಅವಳೇ ಇದ್ದಾಳೆ” ಎಂದು ಅವರು. ಪೋಸ್ಟರ್ ಗೆದ್ದಿತು.

ಆದರೂ ನಾಯಕಿ ಪ್ರಶಸ್ತಿಯನ್ನು ಇವರು ಡಾಕ್ಟರಮ್ಮನಿಗೂ ಹಾಕುವುದಿಲ್ಲ, ಬೇರೆ ಯಾರಿಗೋ ಹಾಕುತ್ತಾರಂತೆ. ಹೋದ ವರ್ಷವೇ ಆ ಬೇರೆಯವಳಿಗೆ ಕೊಡಬೇಕಾಗಿತ್ತಂತೆ, ಆದರೆ ಅದಕ್ಕೂ ಹಿಂದಿನ ವರ್ಷ ಇನ್ನೊಬ್ಬಳಿಗೆ ಅನ್ಯಾಯವಾಗಿತ್ತಂತೆ, ಹೋದ ವರ್ಷ ಅದನ್ನು ತೀರಿಸಿದರಂತೆ, ಈಗ ಇವಳ ಬಾಕಿ ತೀರಿಸಬೇಕಂತೆ. ಅವರ ಹೆಂಡತಿ, “ಹಾಗಾದ್ರೆ ಈ ವರ್ಷ ಚೆನ್ನಾಗಿ ಮಾಡಿದವಳಿಗೆ?” ಎಂದು ಕೇಳಿದರು. “ಅವಳಿಗೆ ಮುಂದೆ ಯಾವತ್ತಾದ್ರೂ ಕೊಟ್ರಾಯ್ತು.” ಎಷ್ಟು ಸಮಾಧಾನವಾಗಿ ಹೇಳಿದರೆಂದರೆ ನನಗೂ ಒಂದು ಕ್ಷಣ ಅದೇ ನ್ಯಾಯ ಅನ್ನಿಸಿತು.

ಕೊನೆಗೆ ಅವರು ತಾವಾಗಿಯೇ ಹೇಳಿದ ಮಾತು ನನ್ನ ಕಿವಿಯಿಂದ ಇನ್ನೂ ಹೋಗಿಲ್ಲ. “ಆದ್ರೂ ಆ ಬೆಡ್‌ಶೀಟ್ ಮಡಚೋ ಸೀನ್ ಇದೆ ನೋಡು. ಹಿರಿಯಾಳು ನಾನು ಕೆಲಸ ಬಿಡ್ತೀನಿ ಅಂತಾಳೆ. ಜೊತೆಯವಳು ಒಂದು ಮಾತಾಡಲ್ಲ. ಮಡಚ್ತಾ ಮಡಚ್ತಾ ಹತ್ರ ಬಂದು ಬಟ್ಟೆಯ ತುದಿ ಅವಳ ಕೈಗೆ ಕೊಡ್ತಾಳೆ, ಆದ್ರೆ ತಾನು ಹಿಡಿದಿದ್ದು ಬಿಡಲ್ಲ. ನಲವತ್ತು ವರ್ಷ ಕ್ಯಾಮೆರಾ ಹಿಂದೆ ನಿಂತೋನು ನಾನು, ಅಂಥ ಕೈ ನೋಡಿಲ್ಲ. ಯಾರಾಕೆ? ಅವಳ ಹೆಸರು ಬಂದ್ರೆ ಕಣ್ಮುಚ್ಚಿ ಹಾಕ್ತೀನಿ. ಆದ್ರೆ ಅವಳ ಬದಲು ಹಿರಿಯಾಳನ್ನೇ ಕಳಿಸ್ತಾರಂತೆ. ಹೋಗ್ಲಿ, ಪಾಪ, ಅವಳಿಗೇ ಹಾಕ್ತೀನಿ, ವಯಸ್ಸಾಗಿದೆ.” ಆ ಕೈ ಈಗ ನಮ್ಮ ವರ್ಕ್‌ಶಾಪಿನಲ್ಲಿ ಮೊಳೆ ಕೀಳುತ್ತಿದೆ ಎಂದು ಹೇಳಬೇಕಿತ್ತು. ನನ್ನ ಬಾಯಲ್ಲಿ ಹತ್ತು ಮೊಳೆಗಳಿದ್ದವು, ಸುತ್ತಿಗೆ ಕೈಯಲ್ಲಿತ್ತು. ಮೊಳೆ ಇಲ್ಲದಿದ್ದರೂ ಹೇಳುತ್ತಿರಲಿಲ್ಲ, ಬಿಡು. ನನ್ನನ್ನು ಹೆತ್ತವಳು ನೀನು, ನಿನಗೆ ಗೊತ್ತು.

ವರ್ಕ್‌ಶಾಪಿಗೆ ಬಂದರೆ ಚಿಕ್ಕಮ್ಮನಿಗೆ ಆಗಲೇ ಎಲ್ಲ ಗೊತ್ತಾಗಿತ್ತು. ನನಗೆ ಹೇಳಿದ್ದು ಸಾಲದೆಂದು ಮ್ಯಾನೇಜರ್ ಅವಳಿಗೇ ಫೋನ್ ಮಾಡಿ, ಅಕ್ಕ ಗೆಲ್ಲುತ್ತಾರೆ, ನೀವೇ ಒಪ್ಪಿಸಿ ಎಂದರಂತೆ. “ಅಕ್ಕನಿಗೇ ಬರ್ಲಿ ಬಿಡೋ. ಪ್ರತಿ ವರ್ಷ ಟಿವಿ ಮುಂದೆ ಕೂತು ಆ ಪ್ರಶಸ್ತಿಯವರಿಗೆ ಬೈದೂ ಬೈದೂ ಅವಳ ಗಂಟಲು ಕೆಟ್ಟಿದೆ. ಒಂದು ಸಲ ಗೆದ್ರೆ ಮನೇಲಿ ಸದ್ದು ಕಮ್ಮಿ ಆಗುತ್ತೆ” ಎಂದಳು. ಎಂದವಳು ಮೊಳೆ ಕೀಳುವಾಗ ಅಳತೆಗೆ ಬೇಕಾದ ಹಳೇ ಬಟ್ಟೆಯನ್ನೂ ಸೇರಿಸಿ ಹರಿದಳು. ಅವಳ ಕೆಲಸದಲ್ಲಿ ಬಟ್ಟೆ ಹರಿದದ್ದು ನಾನು ನೋಡಿದ್ದು ಅದೇ ಮೊದಲು. ನಿನಗೆ ಇದನ್ನೆಲ್ಲ ಬರೆಯಬಾರದೆಂದು ನನ್ನಿಂದ ಮಾತು ತೆಗೆದುಕೊಂಡಿದ್ದಾಳೆ. ನಾನು ತಲೆಯಾಡಿಸಿದೆ, ಬಾಯಿ ಬಿಟ್ಟು ಹೂಂ ಅನ್ನಲಿಲ್ಲ, ಆದ್ದರಿಂದ ಬರೆಯುತ್ತಿದ್ದೇನೆ.

ನನಗೆ ತಲೆ ಕೆಟ್ಟುಹೋಗಿದೆ ಅಮ್ಮಾ. ಮೂರು ಜನ ಕೂರುವ ಸೋಫಾಕ್ಕೆ ಸ್ಟೂಲ್ ಎಂದು ಹೆಸರಿಟ್ಟು ಸ್ಟೂಲುಗಳ ಸ್ಪರ್ಧೆಗೆ ಕಳಿಸಿದರೆ ಅದು ಗೆಲ್ಲದೆ ಇನ್ನೇನು? ಎಲ್ಲರೂ ಅದೆಷ್ಟು ಒಳ್ಳೆಯ ಸ್ಟೂಲ್ ಎಂದು ಹೊಗಳುತ್ತಾರೆ. ಆದರೆ ನಿಜವಾದ ಸ್ಟೂಲ್ ಎಲ್ಲಿಗೆ ಹೋಗಬೇಕು? ನೀನು ಸೋಲುವುದಾದರೆ ನಾಯಕಿಯಾಗಿ ಸೋಲು, ಅದರಲ್ಲಿ ಒಂದು ಅಂದವಿದೆ ಎಂದು ಬರೆದುಬಿಡುವುದು ಸುಲಭ. ಆದರೆ ಅಲ್ಲಿ ಸೋಲುವುದಕ್ಕೂ ಅವರು ಬಿಡುತ್ತಿಲ್ಲ. ಪೋಷಕ ನಟಿಯಾದರೆ ಗೆಲ್ಲುತ್ತೀಯ, ಇಲ್ಲದಿದ್ದರೆ ಏನೂ ಇಲ್ಲ. ನೀನು ಅಡುಗೆ ಮನೆಯಲ್ಲಿ ಲಟ್ಟಣಿಗೆ ಹಿಡಿದುಕೊಂಡು ಧನ್ಯವಾದ ಹೇಳುವುದನ್ನು ನಾನು ಎಷ್ಟು ಸಲ ಬಾಗಿಲ ಸಂದಿಯಿಂದ ನೋಡಿಲ್ಲ. ಅದರಲ್ಲಿ ಚಿಕ್ಕಮ್ಮನಿಗೂ ಒಂದು ಸಾಲು ಇರುತ್ತದೆ, ನನಗೂ ಒಂದು ಇರುತ್ತದೆ. ಆದ್ದರಿಂದ ಬೇಡ ಎನ್ನು ಎಂದು ಹೇಳುವ ಧೈರ್ಯ ನನಗಿಲ್ಲ, ಹೂಂ ಅನ್ನು ಎನ್ನಲು ಮನಸ್ಸಿಲ್ಲ. ನೀನೇ ಯೋಚಿಸಿ ವ್ಯಾನಿನ ಡ್ರೈವರ್ ಕೈಯಲ್ಲಿ ಒಂದು ಚೀಟಿ ಕಳಿಸು. ನೀನು ಏನು ಬರೆದರೂ ಅದನ್ನೇ ಆಫೀಸಿಗೆ ಹೇಳಿ ಬರುತ್ತೇನೆ.

ಬೆಟ್ಟ ಇಳಿಯುವಾಗ ಯಾರದಾದರೂ ಕೈ ಹಿಡಿದುಕೊಂಡು ಇಳಿ, ನಾನೇ ಇಳಿಯಬಲ್ಲೆ ಎಂದು ತೋರಿಸಬೇಡ, ಅಲ್ಲಿ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ನಿಮ್ಮ ಮೇಕಪ್ಪಿನವರಿಗೂ ಲೈಟಿನವರಿಗೂ ನನ್ನ ನಮಸ್ಕಾರ ಹೇಳು. ನಿನ್ನ ಕಾಲಿಗೆ ನಮಸ್ಕರಿಸುತ್ತಾ,

ನಿನ್ನ ಮಗ
ಪರದೆ

ಮಂಗಳವಾರ ಬೆಳಿಗ್ಗೆ. ವ್ಯಾನ್ ಬಂದು ಹಾರ್ನ್ ಹೊಡೆಯುತ್ತಿದೆ, ಬೇಗ ಬೇಗ ಬರೆಯುತ್ತಿದ್ದೇನೆ. ಮೇಲಿನದನ್ನು ನಂಬಬೇಡ, ಚೀಟಿಗೆ ನಾನು ಕಾಯಲಿಲ್ಲ. ನಿನ್ನೆ ಮ್ಯಾನೇಜರ್ ವರ್ಕ್‌ಶಾಪಿಗೇ ಬಂದು, ಪಟ್ಟಿ ಶುಕ್ರವಾರ ಮುಗಿಯುತ್ತದಾದರೂ ನಮ್ಮ ಹೆಸರು ಇವತ್ತೇ ಹೋಗಬೇಕು, ಹೂಂ ಅಂತ ಬರೆದುಕೊಳ್ಳಲಾ ಎಂದರು. ಚಿಕ್ಕಮ್ಮ ಹಿಂದಿನ ಕೋಣೆಯಲ್ಲಿದ್ದಳು. ನಾನು, “ಅಮ್ಮ ಬೇಡ ಅಂದಿದ್ದಾಳೆ, ಚಿಕ್ಕಮ್ಮನ ಹೆಸರು ಹಾಕಬೇಕಂತೆ” ಎಂದೆ. ಬಾಯಿಬಿಟ್ಟೇ ಹೇಳಿದೆ, ನನಗೇ ಆಶ್ಚರ್ಯ. ಅವರು, ಆಯ್ತು ಬಿಡು, ನಮಗೇನು ಎಂದು ಹಾಗೆಯೇ ಬದಲಾಯಿಸಿಕೊಂಡು ಹೋದರು. ಅಷ್ಟೇ ಆಯಿತು, ಅಮ್ಮಾ, ನಿನ್ನ ಗೆಲುವನ್ನು ನಾನು ನಿನ್ನನ್ನು ಕೇಳದೆ ಕೊಟ್ಟುಬಿಟ್ಟೆ. ಶುಕ್ರವಾರದವರೆಗೆ ಮತ್ತೆ ಬದಲಾಯಿಸಬಹುದಂತೆ. ನಿನಗೆ ಅದು ಬೇಕೇ ಬೇಕೆಂದಿದ್ದರೆ ಡ್ರೈವರ್ ಜೊತೆ ಕೆಳಗಿಳಿದು ಬಂದು ಫೋನ್ ಮಾಡಿ, ನನ್ನ ಮಗ ಸುಳ್ಳು ಹೇಳಿದ ಎನ್ನು, ನಾನು ಹೌದು ಎನ್ನುತ್ತೇನೆ. ಆದರೆ ಆಫೀಸಿಗೆ ಮಾಡುವ ಮೊದಲು ಚಿಕ್ಕಮ್ಮನಿಗೆ ಮಾಡು. ಅವಳಿಗೆ ಹೇಳುವುದು ಮಾತ್ರ ನನ್ನಿಂದ ಆಗುವುದಿಲ್ಲ.