ರೇಡಿಯೇಟರಿಗೆ ಕೊರೆದಿಟ್ಟ ಜಾಗ

ಅಪ್ಪಾ,

ಸತ್ತ ಮೇಲೂ ನೀನು ನನ್ನ ತಲೆ ತಿನ್ನುವುದನ್ನು ಬಿಟ್ಟಿಲ್ಲ. ಗಾಳಿಯಿಂದಲೇ ತಣ್ಣಗಾಗುವ ನಿನ್ನ ಹಳೆಯ ಸ್ಪೋರ್ಟ್ಸ್ ಕಾರಿನ ಎಂಜಿನ್ ಕೊನೆಗೂ ಕೈಕೊಟ್ಟಿತು. ನೀರಿನಿಂದ ತಣ್ಣಗಾಗುವ ಹೊಸ ಎಂಜಿನ್ ಹಾಕೋಣ ಎಂದು ಐದು ವರ್ಷದ ಹಿಂದೆಯೇ ಹೇಳಿದ್ದೆ. "ನೀರು ಕಾಯಿಸೋಕೆ ಬಚ್ಚಲಿದೆ, ನನ್ನ ಕಾರು ಮುಟ್ಟಬೇಡ" ಎಂದು ಗ್ಯಾರೇಜಿನಿಂದ ಅಟ್ಟಿದವನು ನೀನು. ನಾನೂ ನಿನ್ನ ಮಗಳೇ ತಾನೆ, ಆಮೇಲೆ ನೀನಿರುವವರೆಗೂ ಆ ಹೊಸಿಲು ತುಳಿಯಲಿಲ್ಲ.

ಹೋದ ವಾರ ಹೊಸ ಎಂಜಿನ್ನನ್ನು ಹಿಂಭಾಗದಲ್ಲಿ ಕೂರಿಸಿದೆ. ನೀರನ್ನು ತಣಿಸುವ ರೇಡಿಯೇಟರ್ ಮುಂದೆ ಬರಬೇಕು, ನಡುವೆ ನೀರಿನ ಕೊಳವೆ ಎಳೆಯಬೇಕು. ಎರಡು ದಿನ ತಲೆ ಕೆಡಿಸಿಕೊಂಡು ಕಾಗದದ ಮೇಲೆ ಅಳತೆ ಹಾಕಿದ್ದೆ. ಇವತ್ತು ಬೆಳಿಗ್ಗೆ ಕಾರಿನಡಿ ತೂರಿದ ವೆಲ್ಡರ್ ನಗತೊಡಗಿದ.

"ಅಕ್ಕಾ, ಕೊರೆಯೋದೇನೂ ಉಳಿದಿಲ್ಲ. ಎಲ್ಲಾ ಆಗಲೇ ಮಾಡಿಟ್ಟಿದಾರೆ!"

ನಾನೂ ತೂರಿ ನೋಡಿದೆ. ರೇಡಿಯೇಟರಿಗೆ ಜಾಗ ಕೊರೆದು, ಅಂಚು ಉಜ್ಜಿ, ಬಣ್ಣ ಬಳಿದಿದ್ದೀಯ. ಹಿಂದಿನವರೆಗೂ ಎರಡು ಕೊಳವೆ ಎಳೆದು, ಅವುಗಳ ಬಾಯಿಗೆ ಬಟ್ಟೆ ತುರುಕಿದ್ದೀಯ. ಪಕ್ಕದ ತಗಡಿನ ಮೇಲೆ ನಿನ್ನ ಕೋಳಿಕಾಲು ಅಕ್ಷರದಲ್ಲಿ ನಾನು ಅಂದು ಹೇಳಿದ ಅದೇ ಎಂಜಿನ್ನಿನ ಹೆಸರಿತ್ತು. ಅದರ ಕೆಳಗೆ ನೀನು ಬರೆದಿದ್ದೆ: "ಎಂಜಿನ್ ಕಡೆ ಕೊಳವೆ ಜೋಡಣೆ ಎಷ್ಟು ದಪ್ಪ? ಮಗಳನ್ನ ಕೇಳಬೇಕು."

ಕೇಳಬೇಕಿತ್ತಲ್ಲ, ಪುಣ್ಯಾತ್ಮ! ಫೋನೇನು ಕಚ್ಚುತ್ತಿತ್ತೇ? ನನ್ನದಾದರೂ ಏನು, ಅದೇ ಫೋನು ನನ್ನ ಕೈಯಲ್ಲೂ ಇತ್ತು.

ಮೂವತ್ತೆಂಟು ಮಿಲಿಮೀಟರ್, ಅಪ್ಪಾ. ಮಧ್ಯಾಹ್ನ ಜೋಡಿಸಿ, ನೀರು ತುಂಬಿ, ಎಂಜಿನ್ ಚಾಲೂ ಮಾಡಿದೆ. ಒಂದು ಹನಿಯೂ ಸೋರಲಿಲ್ಲ.