ಕಮಲವ್ವ ಮಾಳಿಗೆ ಹತ್ತಿದ ಮಾತು

ಗದಗ
ಫೆಬ್ರವರಿ ೩೦, ೨೧೮೭

ಸುನಯನಾ ಹೊಂಬಳ ಇವರಿಗೆ, ಮಾತೋಶ್ರೀ ಅನ್ನಬೇಕೋ ಚಿರಂಜೀವಿ ಅನ್ನಬೇಕೋ ತಿಳಿಯದೆ, ಇಂದುಮತಿ ಮಾಡುವ ನಮಸ್ಕಾರ ಮತ್ತು ಆಶೀರ್ವಾದ ಎರಡೂ.

ತಾರೀಖು ನೋಡಿ ಯಾರೋ ಚೇಷ್ಟೆ ಮಾಡಿದ್ದಾರೆಂದು ಕಾಗದವನ್ನು ಬದಿಗಿಡಬೇಡ. ನಮ್ಮಲ್ಲಿ ಫೆಬ್ರವರಿಗೂ ಮೂವತ್ತು ದಿನ. ನಾನು ಹುಟ್ಟುವ ಮೊದಲೇ ಯಾರೋ ಪುಣ್ಯಾತ್ಮರು ಎಲ್ಲ ತಿಂಗಳುಗಳನ್ನೂ ಮೂವತ್ತಕ್ಕೆ ಸಮ ಮಾಡಿ, ಮಿಕ್ಕ ಐದು ದಿನಗಳನ್ನು ಯಾವ ತಿಂಗಳಿಗೂ ಸೇರಿಸದೆ ವರ್ಷದ ಕೊನೆಗೆ ಬಿಟ್ಟರು. ಅವಕ್ಕೆ ಉಳಿಕೆ ದಿನಗಳು ಎನ್ನುತ್ತೇವೆ. ಆ ಐದು ದಿನ ಕಚೇರಿ ಇಲ್ಲ, ಶಾಲೆ ಇಲ್ಲ, ಲಗ್ನ ಮಾಡುವಂತಿಲ್ಲ. ಬೇರೇನೂ ಮಾಡಲು ಇಲ್ಲದೆ ಜನ ನಮ್ಮಂಥವರ ಮಾತು ಕೇಳಲು ಬರುತ್ತಾರೆ. ನನ್ನ ಐವತ್ತು ವರ್ಷದ ಹೊಟ್ಟೆಪಾಡು ಹೆಚ್ಚಾಗಿ ನಡೆದದ್ದು ಆ ಐದು ದಿನಗಳ ಮೇಲೆ. ನಮ್ಮ ಕನ್ನಡವೂ ಬದಲಾಗಿದೆ. ನಿನ್ನ ಕಾಲದ ಮಾತನ್ನು ನಿನ್ನ ಹಳೆಯ ವಿಡಿಯೋಗಳಿಂದಲೇ ಕಲಿತು ಬರೆಯುತ್ತಿದ್ದೇನೆ. ಎಲ್ಲಾದರೂ ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೋ.

ನೀನು ನನ್ನ ಮುತ್ತಜ್ಜಿಯ ಅವ್ವ. ನನಗಿಂತ ನೂರಿಪ್ಪತ್ತನಾಲ್ಕು ವರ್ಷ ದೊಡ್ಡವಳು. ಆದರೆ ಇದನ್ನು ಓದುವ ಹೊತ್ತಿಗೆ ನಿನಗೆ ಮೂವತ್ತೊಂದು, ಬರೆಯುತ್ತಿರುವ ನನಗೆ ಎಪ್ಪತ್ತು. ನಮ್ಮ ಕಡೆ ಅವ್ವನಿಗೂ ಏಕವಚನವೇ ಆದ್ದರಿಂದ ನೀನು ಎನ್ನುತ್ತೇನೆ, ಸಿಟ್ಟಾಗಬೇಡ. ಕಾಗದ ಹೇಗೆ ಬಂತೆಂದು ನನ್ನನ್ನು ಕೇಳಿ ಫಲವಿಲ್ಲ. ಎಪ್ಪತ್ತು ತುಂಬಿದವರಿಗೆ ಸರಕಾರ ಒಂದೇ ಒಂದು ಸಲ ಹಿಂದಂಚೆಗೆ ಅನುಮತಿ ಕೊಡುತ್ತದೆ. ಹಿಂದಂಚೆ ಎಂದರೆ ಹಿಂದಿನ ಕಾಲಕ್ಕೆ ಹೋಗುವ ಟಪಾಲು. ಯಾರ ಸಾವಿನ ದಿನವನ್ನೂ ಬರೆಯುವಂತಿಲ್ಲ, ಯುದ್ಧ, ಚುನಾವಣೆ, ಬಂಗಾರದ ಧಾರಣೆ ಯಾವುದನ್ನೂ ಎತ್ತುವಂತಿಲ್ಲ. ಗುಮಾಸ್ತ ಒಂದೊಂದೇ ಸಾಲು ಓದಿ ಕರಿ ಮಸಿ ಬಳಿಯುತ್ತಾನೆ. ನನ್ನ ಕಾಗದದಲ್ಲಿ ಬಳಿಯುವುದಕ್ಕೆ ಅವನಿಗೆ ಏನೂ ಸಿಗಲಿಕ್ಕಿಲ್ಲ. ನನಗೆ ಗೊತ್ತಿರುವುದು ನಮ್ಮ ಮನೆಯ ವಿಷಯ ಮಾತ್ರ.

ನೀನು ಮಾಡುವ ಸ್ಟ್ಯಾಂಡ್‌ಅಪ್ ಕಾಮಿಡಿಗೆ ನಾವು ನಿಂತಮಾತು ಎನ್ನುತ್ತೇವೆ. ನನ್ನ ಮುತ್ತಜ್ಜಿಯ ಕಾಲದಲ್ಲಿ ಅದು ಸತ್ತೇ ಹೋಗಿತ್ತಂತೆ. ಯಂತ್ರಗಳು ದಿನಕ್ಕೆ ಕೋಟಿಗಟ್ಟಲೆ ತಮಾಷೆ ಮಾತು ಹೆತ್ತು ಹಾಕುತ್ತಿದ್ದವು. ಬಚ್ಚಲಿಗೆ ಹೋದರೂ ಗೋಡೆ ಒಂದು ನಗೆಹನಿ ಹೇಳುತ್ತಿತ್ತಂತೆ. ಕೇಳಿ ಕೇಳಿ ಜನರ ನಗೆಯೇ ಬತ್ತಿಹೋಯಿತು. ಆಮೇಲೆ ಒಂದು ಕಟ್ಟುಪಾಡು ಬಂತು: ನಿಂತು ಮಾತಾಡುವವರು ತಮ್ಮ ಸ್ವಂತ ರಕ್ತದವರ ಬಗ್ಗೆ, ನಿಜವಾಗಿ ನಡೆದದ್ದನ್ನು ಮಾತ್ರ ಹೇಳಬೇಕು. ಅದಕ್ಕೆ ಮನೆಮಾತು ಎಂದು ಹೆಸರು. ಹೊಲದ ಹಾಗೆ ಅದೂ ತಾಯಿಯಿಂದ ಮಗಳಿಗೆ ಬರುತ್ತದೆ. ನಿಜವೆಂಬುದಕ್ಕೆ ಮನೆಯವರೊಬ್ಬರು ಮುಂದಿನ ಸಾಲಿನಲ್ಲಿ ಕೂತು ಎಲ್ಲರಿಗಿಂತ ಮೊದಲು ನಗಬೇಕು. ಇದು ಸಾಕ್ಷಿನಗೆ. ಸಾಕ್ಷಿ ನಗುವ ತನಕ ಸಭೆಯಲ್ಲಿ ಯಾರೂ ಹಲ್ಲು ಬಿಡುವುದಿಲ್ಲ. ನಕ್ಕರೆ ಅಕ್ಕಪಕ್ಕದವರು ತಿರುಗಿ ನೋಡುತ್ತಾರೆ. ಈ ಪದ್ಧತಿ ಎಲ್ಲಿಂದ ಬಂತು ಗೊತ್ತೇನು? ನಿನ್ನಿಂದ. ಹುಬ್ಬಳ್ಳಿಯ ನಿನ್ನ ಕಾರ್ಯಕ್ರಮದ ವಿಡಿಯೋದಲ್ಲಿ ನಿನ್ನ ಅವ್ವ ಕಮಲವ್ವ ಮುಂದಿನ ಸಾಲಿನಲ್ಲಿ ಕೂತು ಬಾಯಿ ತುಂಬ ನಗುವ ಒಂದು ತುಣುಕಿದೆ. ಆ ನಗುಮುಖದ ಪಟ ಇವತ್ತು ಎಲ್ಲ ನಿಂತಮಾತಿನ ಮನೆಗಳ ಬಾಗಿಲ ಮೇಲೂ ತೂಗುತ್ತದೆ. ನಾವು ಊದುಬತ್ತಿ ಹಚ್ಚಿಯೇ ಹೊರಡುವುದು.

ಆ ಕಾರ್ಯಕ್ರಮ ನಿನಗೆ ಇನ್ನು ಹನ್ನೆರಡು ದಿನ ಇದೆ. ಮಾತು ಆಗಲೇ ನಿನ್ನ ನೋಟುಬುಕ್ಕಿನಲ್ಲಿದೆ, ನನಗೆ ಗೊತ್ತು. ಕಮಲವ್ವ ಫೋನಿನಲ್ಲಿ ದೂರಕ್ಕೆ ತಕ್ಕಂತೆ ದನಿ ಏರಿಸುತ್ತಾಳೆ. ಹುಬ್ಬಳ್ಳಿಯಾದರೆ ಕೂತಲ್ಲೇ. ಬೆಳಗಾವಿಯಾದರೆ ಎದ್ದು ನಿಂತು. ಬೆಂಗಳೂರಾದರೆ ಅಂಗಳಕ್ಕೆ ಬಂದು. ಮಸ್ಕತ್ತಿನಲ್ಲಿ ನರ್ಸಾಗಿರುವ ತಂಗಿಯಾದರೆ ಸೆರಗು ಸಿಕ್ಕಿಸಿಕೊಂಡು ಮಾಳಿಗೆ ಹತ್ತಿ, ಪಡುವಣಕ್ಕೆ ಮುಖ ಮಾಡಿ. ಕಡೆಗೆ ಮಸ್ಕತ್ತಿನ ಸಣ್ಣವ್ವ ಫೋನು ಕೆಳಗಿಟ್ಟು ಕಿಟಕಿ ತೆಗೆದಳಂತೆ, ಹಂಗ ಚಲೋ ಕೇಳಸ್ತಿತ್ತಂತ. ಒಳ್ಳೆಯ ಮಾತು, ಸುನಯನಾ. ಹೊಟ್ಟೆಕಿಚ್ಚು ಪಟ್ಟು ಹೇಳುತ್ತಿದ್ದೇನೆ, ನನ್ನಿಂದ ಅಂಥದೊಂದು ಬರೆಯಲು ಆಗಲಿಲ್ಲ.

ನನ್ನ ಹತ್ತೊಂಬತ್ತನೇ ವಯಸ್ಸಿನಲ್ಲಿ ನಮ್ಮವ್ವ ಈ ಮಾತನ್ನು ನನ್ನ ಹೆಸರಿಗೆ ಬರೆಸಿದಳು. ಅಂದಿನಿಂದ ಕಮಲವ್ವನನ್ನು ಎಷ್ಟು ಸಲ ಮಾಳಿಗೆ ಹತ್ತಿಸಿದೆನೋ ಆ ದೇವರೇ ಬಲ್ಲ. ಬಾಗಲಕೋಟೆಯ ದೋಣಿಮನೆಗಳಲ್ಲಿ, ಕೊಪ್ಪಳದ ಖಾನಾವಳಿಗಳಲ್ಲಿ, ಎಣ್ಣೆಕಾಳಿನ ಗೋದಾಮುಗಳಲ್ಲಿ, ಒಮ್ಮೆ ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲೂ ಹತ್ತಿಸಿದ್ದೇನೆ. ನಮ್ಮಲ್ಲಿ ಫೋನು ಎಂಬುದಿಲ್ಲ. ಆದ್ದರಿಂದ ಫೋನೆಂದರೆ ಏನು, ಅದನ್ನು ಕಿವಿಗೆ ಯಾಕೆ ಹಿಡಿಯುತ್ತಿದ್ದರು ಎಂದು ಮೊದಲು ಹತ್ತು ನಿಮಿಷ ಪಾಠ ಮಾಡಿ, ಆಮೇಲೆ ನಗಿಸಬೇಕು. ಏನು ಕರ್ಮ! ನಾನೂ ಬರಹಗಾರ್ತಿಯೇ. ಮೂರು ಪುಸ್ತಕ ಬರೆದೆ. ನನ್ನ ತಂಗಿ ಶಿವಲೀಲಾಳ ಮೇಲೆ, ಅವಳ ಜಿಪುಣತನದ ಮೇಲೆ ಇಪ್ಪತ್ತು ನಿಮಿಷದ ಮಾತು ಕಟ್ಟಿದೆ. ಐದನೇ ನಿಮಿಷಕ್ಕೆ ಹಿಂದಿನ ಸಾಲಿನವರು ಮಾಳಿಗೆ, ಮಾಳಿಗೆ ಎಂದು ಕೂಗುತ್ತಿದ್ದರು. ಕೂಗಿದವರಿಗೆ ಹತ್ತಿಸಿಯೇ ತೋರಿಸುತ್ತಿದ್ದೆ. ದಣಿವು ಕಾಲಿಗಲ್ಲ, ನಾಲಿಗೆಗೆ ಬಂತು.

ಶಿವಲೀಲಾ ನನ್ನ ಸಾಕ್ಷಿ. ನನಗಿಂತ ನಾಲ್ಕು ವರ್ಷ ಚಿಕ್ಕವಳು, ಗಟ್ಟಿ ನಗೆಯವಳು. ನಲವತ್ತು ವರ್ಷ ಅದೇ ಮಾತಿಗೆ ಅದೇ ಜಾಗದಲ್ಲಿ ಮೊದಲು ನಕ್ಕಿದ್ದಾಳೆ. ಹಲ್ಲುನೋವಿನಲ್ಲಿ ನಕ್ಕಿದ್ದಾಳೆ, ಗಂಡ ತೀರಿಕೊಂಡ ತಿಂಗಳಲ್ಲಿ ನಕ್ಕಿದ್ದಾಳೆ. ಅವಳು ನಕ್ಕಮೇಲೆ ಸಭೆ ನಗುತ್ತದೆ, ಸಭೆ ತಣ್ಣಗಾಗುವವರೆಗೆ ನಾನು ಸುಮ್ಮನೆ ನಿಲ್ಲುತ್ತೇನೆ. ಈ ಸುಮ್ಮನೆ ನಿಲ್ಲುವುದರಲ್ಲೇ ನಮ್ಮ ಕಸುಬಿನ ಅರ್ಧ ಇದೆ ಎಂದು ನಿನಗೆ ಹೇಳಿಕೊಡಬೇಕಾಗಿಲ್ಲ. ಅರವತ್ತೈದರ ಸುಮಾರಿಗೆ ನನಗೆ ನಗೆ ದೂರದಿಂದ ಬಂದ ಹಾಗೆ ಕೇಳತೊಡಗಿತು. ಆಮೇಲೆ ಅದೂ ಇಲ್ಲ. ನಾನು ಯಾರಿಗೂ ಹೇಳಲಿಲ್ಲ. ಎಲ್ಲಿ ಎಷ್ಟು ಹೊತ್ತು ನಗುತ್ತಾರೆಂದು ಐವತ್ತು ವರ್ಷದ ರೂಢಿಯಿಂದ ಗೊತ್ತಿತ್ತು. ಬೆಂಗಳೂರಿಗೆ ನಾಲ್ಕು ಉಸಿರು, ಮಾಳಿಗೆಗೆ ಏಳು, ಕಿಟಕಿಗೆ ಹನ್ನೊಂದು. ವೇದಿಕೆಯ ದೀಪ ಕಣ್ಣಿಗೆ ಹೊಡೆಯುವುದರಿಂದ ಸಭೆಯ ಮುಖಗಳು ಕಾಣುವುದಿಲ್ಲ. ಉಸಿರು ಲೆಕ್ಕ ಹಾಕಿ ನಿಂತು, ಮುಗುಳ್ನಕ್ಕು, ಮುಂದಿನ ಮಾತಿಗೆ ಹೋಗುತ್ತಿದ್ದೆ. ಕಿವಿಗೆ ಸಹಾಯ ಮಾಡುವ ಸಾಧನಗಳು ನಮ್ಮಲ್ಲೂ ಇವೆ, ಆದರೆ ಅವನ್ನು ಹಾಕಿಕೊಂಡವರಿಗೆ ನಿಂತಮಾತಿನ ಪರವಾನಿಗಿ ಕೊಡುವುದಿಲ್ಲ. ಅದರೊಳಗೆ ಯಂತ್ರ ಮಾತು ಹೇಳಿಕೊಡಬಹುದೆಂಬ ಅನುಮಾನ.

ಹೋದ ವರ್ಷದ ಉಳಿಕೆ ದಿನಗಳಲ್ಲಿ, ಮೂರನೇ ದಿನ ಮಧ್ಯಾಹ್ನ, ಲಕ್ಷ್ಮೇಶ್ವರದಲ್ಲಿ ಮಾತಿತ್ತು. ಎಂದಿನಂತೆ ಮಾಡಿ ಇಳಿದೆ. ಬಂಡಿಯಲ್ಲಿ ಕೂತ ಮೇಲೆ ಶಿವಲೀಲಾ ನನ್ನ ಗಲ್ಲ ಹಿಡಿದು ಮುಖವನ್ನು ತನ್ನ ಕಡೆ ತಿರುಗಿಸಿಕೊಂಡು ನಿಧಾನವಾಗಿ ಹೇಳಿದಳು:

"ಅಕ್ಕಾ, ಇವತ್ತ ಯಾರೂ ನಗಲಿಲ್ಲ. ನಾ ಬೇಕಂತನ ನಗಲಿಲ್ಲ. ನಿನಗ ಗೊತ್ತ ಆಗಲಿಲ್ಲಲ್ಲ."

ಸಾಕ್ಷಿ ನಗದಿದ್ದರೆ ಸಭೆ ನಗದು ಎಂದೆನಲ್ಲ, ಮುನ್ನೂರು ಜನ ಇಪ್ಪತ್ತು ನಿಮಿಷ ಗರಬಡಿದ ಹಾಗೆ ನನ್ನನ್ನೇ ನೋಡುತ್ತ ಕೂತಿದ್ದರಂತೆ. ನಾನು ಆ ಮೌನದ ಮುಂದೆ ಹನ್ನೊಂದು ಉಸಿರು ನಿಂತು, ಸಾಕು ಸಾಕು ಎನ್ನುವಂತೆ ಕೈಯನ್ನೂ ಎತ್ತಿದ್ದೆನಂತೆ. ಒಂದು ವರ್ಷದಿಂದ ಅವಳಿಗೆ ಸಂಶಯವಿತ್ತಂತೆ, ಬಾಯಿಬಿಟ್ಟು ಕೇಳಿದರೆ ನಾನು ಒಪ್ಪುವವಳಲ್ಲ ಎಂದು ಹೀಗೆ ಮಾಡಿದಳಂತೆ. ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಎಂಟು ದಿನ ಅವಳೊಂದಿಗೆ ಮಾತು ಬಿಟ್ಟೆ. ಅವಳು ಮಾತ್ರ ದಿನಾ ರೊಟ್ಟಿ, ಹೆಸರುಕಾಳಿನ ಪಲ್ಯ ಮಾಡಿ ತಂದು ನನ್ನ ಮುಂದೆ ಇಟ್ಟು ಹೋಗುತ್ತಿದ್ದಳು.

ಒಂಬತ್ತನೇ ದಿನ, ಮನೆಯಲ್ಲಿ ಕೂತು ಬೇಸತ್ತು, ದಾಖಲೆಮನೆಗೆ ಹೋಗಿ ನಿನ್ನ ಹುಬ್ಬಳ್ಳಿ ಕಾರ್ಯಕ್ರಮವನ್ನು ತರಿಸಿಕೊಂಡೆ. ನಾವೆಲ್ಲ ನೋಡಿ ಬೆಳೆದದ್ದು ಆ ಸಣ್ಣ ತುಣುಕನ್ನು. ಪೂರ್ತಿಯನ್ನು ನಾನು ನೋಡಿದ್ದು ಅದೇ ಮೊದಲು. ದನಿ ಹಾಕಿದರೂ ಅಷ್ಟೇ, ಬಿಟ್ಟರೂ ಅಷ್ಟೇ, ಹಾಗಾಗಿ ದನಿ ಆರಿಸಿ ಬರೀ ಮುಖಗಳನ್ನು ನೋಡಿದೆ. ನೀನು ಮಾಳಿಗೆ ಎನ್ನುತ್ತೀ. ಇಡೀ ಸಭೆ ನಗುತ್ತದೆ. ಕಮಲವ್ವ ನಗುವುದಿಲ್ಲ. ಪಕ್ಕದಲ್ಲಿ ಕೂತ ಹಸಿರು ಸೀರೆಯ ಹೆಂಗಸಿನ ಮುಖ ನೋಡುತ್ತಾಳೆ, ನೋಡಿ ಆಮೇಲೆ ನಗುತ್ತಾಳೆ. ಕಿಟಕಿಯ ಮಾತಿಗೂ ಹಾಗೆಯೇ. ನಾನು ಹಿಂದೆ ಸರಿಸಿ ಸರಿಸಿ ಏಳೆಂಟು ಸಲ ನೋಡಿದೆ. ಕೊನೆಗೆ ನೀನು ವೇದಿಕೆ ಇಳಿದು ಅವಳ ಹಿಂದಿನಿಂದ ಬಂದು ಏನೋ ಕೇಳುತ್ತೀ. ಅವಳು ತಿರುಗುವುದಿಲ್ಲ. ನೀನು ಫೋಟೋ ತೆಗೆಸಿಕೊಳ್ಳಲು ಬೇರೆಯವರ ಕಡೆ ಹೋಗುತ್ತೀ. ಅವಳು ಆ ಹೆಂಗಸಿನ ತುಟಿಗಳನ್ನೇ ನೋಡುತ್ತ ತಲೆ ಆಡಿಸುತ್ತ ನಿಂತಿರುತ್ತಾಳೆ.

ಅದು ನನ್ನ ವಿದ್ಯೆ, ಸುನಯನಾ. ಪಂಕ್ತಿಯಲ್ಲಿ ಊಟಕ್ಕೆ ಕೂತಾಗ ನಾನು ಹಾಗೆಯೇ ಮಾಡುತ್ತೇನೆ. ಯಾರು ನಗುತ್ತಾರೋ ಅವರನ್ನು ನೋಡಿ ನಗುವುದು, ಯಾರು ಮುಖ ಸಣ್ಣದು ಮಾಡುತ್ತಾರೋ ಅವರನ್ನು ನೋಡಿ ಅಯ್ಯೋ ಪಾಪ ಎನ್ನುವುದು. ನಿನ್ನ ಅವ್ವನಿಗೆ ಕಿವಿ ಕೇಳುವುದಿಲ್ಲ. ದೂರ ಹೆಚ್ಚಾದದ್ದಕ್ಕೆ ಅವಳು ದನಿ ಏರಿಸಿದ್ದಲ್ಲ. ತಂಗಿಯ ದನಿ ಸಣ್ಣದಾಗಿ ಬರುತ್ತಿತ್ತು, ಮಾಳಿಗೆಯ ಮೇಲಾದರೂ ಕೇಳೀತೆಂದು ಹತ್ತಿದಳು. ತನ್ನ ದನಿ ತನಗೇ ಕೇಳದವರು ಕೂಗುತ್ತಾರೆ. ನಾನೂ ಕೂಗುತ್ತೇನಂತೆ, ಶಿವಲೀಲಾ ಹೇಳಿದಳು. ಅವತ್ತು ದಾಖಲೆಮನೆಯ ಬೆಂಚಿನ ಮೇಲೆ ಕೂತು ಅತ್ತೆ. ಏನು ಹೇಳಿದ್ದಕ್ಕೆ ಊರೆಲ್ಲ ನಗುತ್ತಿದೆ ಎಂದು ಕೇಳಿಸದವಳೊಬ್ಬಳನ್ನು ನಾವು ನಾಲ್ಕು ತಲೆಮಾರು ಸಾಕ್ಷಿಗೆ ನಿಲ್ಲಿಸಿಬಿಟ್ಟಿದ್ದೇವೆ. ಐವತ್ತು ವರ್ಷ ಅವಳನ್ನು ಆಡಿಕೊಂಡು ಉಂಡವಳು ನಾನು. ಅವಳ ಬಗ್ಗೆ ನನಗೆ ಬೇರೆ ಏನು ಗೊತ್ತು ಎಂದು ಯೋಚಿಸಿದೆ. ಏನೂ ಗೊತ್ತಿಲ್ಲ. ಅವಳಿಗೆ ಯಾವ ಪಲ್ಯ ಸೇರುತ್ತಿತ್ತು ಎಂಬುದೂ ಗೊತ್ತಿಲ್ಲ.

ಈ ಕಾಗದ ಕಳಿಸುತ್ತೇನೆಂದಾಗ ಶಿವಲೀಲಾ ಬೇಡವೇ ಬೇಡವೆಂದಳು. ಅವಳ ಮಾತಿನಲ್ಲೂ ತಪ್ಪಿಲ್ಲ. ನೀನು ಆ ಮಾತನ್ನು ಹೇಳದೆ ಬಿಟ್ಟರೆ ನನ್ನ ಮುತ್ತಜ್ಜಿಗೆ, ಅಜ್ಜಿಗೆ, ಅವ್ವನಿಗೆ, ನನಗೆ ಈ ಕಸುಬೇ ಇಲ್ಲ. ಸಾಕ್ಷಿನಗೆ ಇಲ್ಲ, ಬಾಗಿಲ ಮೇಲಿನ ಪಟ ಇಲ್ಲ. ನಾನು ಏನಾಗಿರುತ್ತಿದ್ದೆನೋ, ಇರುತ್ತಿದ್ದೆನೋ ಇಲ್ಲವೋ. ಹಿಂದಂಚೆಯ ಗುಮಾಸ್ತನೂ ಒಂದು ಹಾಳೆ ಮುಂದಿಟ್ಟ: ಈ ಕಾಗದದಿಂದ ಕಳಿಸಿದವರಿಗೆ ಆಗುವ ಯಾವ ಕೇಡಿಗೂ ಇಲಾಖೆ ಹೊಣೆಯಲ್ಲ. ನಾನು ಸಹಿ ಹಾಕಿದೆ. ನನಗೆ ಸಾಕಾಗಿದೆ, ಸುನಯನಾ. ಆದರೆ ಸಾಕಾಗಿದೆ ಎಂಬ ಕಾರಣಕ್ಕೆ ಸಹಿ ಹಾಕಿದೆನೆಂದು ತಿಳಿಯಬೇಡ. ಲಕ್ಷ್ಮೇಶ್ವರದ ಬಂಡಿಯಲ್ಲಿ ನನ್ನ ಗಲ್ಲ ಹಿಡಿದು ಮುಖ ತಿರುಗಿಸಿಕೊಳ್ಳಲು ನನಗೊಬ್ಬಳು ಇದ್ದಳು. ಕಮಲವ್ವನಿಗೆ ಯಾರೂ ಇರಲಿಲ್ಲ. ಹಾಳೆಯಲ್ಲಿ ಎರಡನೇ ಸಹಿ ಬೇಕಿತ್ತು. ಶಿವಲೀಲಾ ಹಾಳೆಯನ್ನು ಎರಡು ಸಲ ಓದಿದಳು. ಆಮೇಲೆ ಹಾಕಿದಳು, ಹಾಕಿ ನನ್ನ ಮುಖ ನೋಡಿ ಅಂದಳು:

"ಸಿಟ್ಟಿಲೆ ಬರೀಬ್ಯಾಡ. ಆ ಹುಡಿಗಿಗೆ ಗೊತ್ತಿರಲಿಲ್ಲ."

ಆದ್ದರಿಂದ ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ಕೇಳುವುದು ಇಷ್ಟೇ. ಈ ಹನ್ನೆರಡು ದಿನಗಳಲ್ಲಿ ಒಂದು ಬೆಳಗ್ಗೆ ಊರಿಗೆ ಹೋಗು. ಅವ್ವ ರೊಟ್ಟಿ ಬಡಿಯುತ್ತಿರುವಾಗ ಅಲ್ಲ, ಆ ಸಪ್ಪಳದಲ್ಲಿ ಯಾರಿಗೂ ಕೇಳಿಸುವುದಿಲ್ಲ. ಬಡಿದು ಮುಗಿಸಿ ಹಿಟ್ಟಿನ ಕೈ ತೊಳೆಯುವಾಗ ಹಿಂದೆ ನಿಂತು, ಸಾದಾ ದನಿಯಲ್ಲಿ ಅವ್ವಾ ಎಂದು ಕರೆ. ತಿರುಗಿದರೆ ನಾನು ಹುಚ್ಚು ಮುದುಕಿ, ಈ ಕಾಗದ ಹರಿದು ಒಲೆಗೆ ಹಾಕು, ಹುಬ್ಬಳ್ಳಿಗೆ ಹೋಗಿ ಜನರನ್ನು ನಗಿಸು, ನಮ್ಮ ಒಲೆಗಳೂ ಉರಿಯಲಿ. ತಿರುಗದಿದ್ದರೆ ಮತ್ತೆ ಕರೆಯಬೇಡ, ಹೆದರಬೇಡ, ಅಳಲೂ ಬೇಡ. ಸುತ್ತು ಹಾಕಿ ಅವಳ ಮುಂದೆ ಹೋಗು. ಬೆಳಕು ನಿನ್ನ ಮುಖದ ಮೇಲೆ ಬೀಳುವ ಹಾಗೆ ಕೂತುಕೋ. ನೋಟುಬುಕ್ಕಿನಲ್ಲಿ ಬರೆದದ್ದನ್ನು ಮೊದಲಿನಿಂದ ಕೊನೆಯವರೆಗೂ ಅವಳಿಗೊಬ್ಬಳಿಗೇ ಹೇಳು, ತುಟಿ ಕಾಣಿಸುವಂತೆ, ನಿಧಾನ. ಹುಬ್ಬಳ್ಳಿ, ಬೆಳಗಾವಿ, ಬೆಂಗಳೂರು, ಮಾಳಿಗೆ, ಕಿಟಕಿ. ಹೇಳಿ ಸುಮ್ಮನಿರು. ಅವಳು ಯಾರ ಮುಖವನ್ನೂ ನೋಡದೆ ನಕ್ಕರೆ, ಲೋಕಕ್ಕೆಲ್ಲ ಹೇಳು. ನಗದಿದ್ದರೆ ಯಾರಿಗೂ ಹೇಳಬೇಡ, ನಮ್ಮ ಯೋಚನೆ ಬಿಡು, ಅವಳನ್ನು ಕಿವಿಯ ಡಾಕ್ಟರ ಹತ್ತಿರ ಕರೆದುಕೊಂಡು ಹೋಗು.

ಇಂದುಮತಿ